ದೇವದೂತನ ಬಾಯಲ್ಲಿದ್ದ ಹೆಸರು

ಸಸಾಲ್ತದ ಚರ್ಚಿನ ಬಾಗಿಲಿಗೆ ಒಂದು ರಟ್ಟು ನೇತಾಡುತ್ತಿರುತ್ತದೆ. "ದೇವದೂತನನ್ನು ನೋಡಬೇಕಾದವರು ಎದುರು ಮನೆಯ ಗಂಟೆ ಒತ್ತಿ. ಊಟದ ಹೊತ್ತಿನಲ್ಲಿ ಒತ್ತಬೇಡಿ. ಬೆಳಿಗ್ಗೆ ಒತ್ತಿ ಪ್ರಯೋಜನವಿಲ್ಲ." ಹೀಗೆ ಬರೆದಿಟ್ಟವಳು ಎದುರು ಮನೆಯ ಆವೆಗ್ರ. ನನ್ನ ತಾಯಿಯ ಚಿಕ್ಕಪ್ಪನ ಮಗಳು, ನನಗೆ ಚಿಕ್ಕಮ್ಮ. ಚರ್ಚಿನ ಬೀಗದ ಕೈ ನಲವತ್ತು ವರ್ಷದಿಂದ ಅವಳ ಅಡುಗೆಮನೆಯ ಮೊಳೆಯಲ್ಲಿದೆ. ಗಂಟೆ ಒತ್ತಿದರೆ ಮೊದಲು ಮಹಡಿಯ ಕಿಟಕಿ ತೆರೆಯುತ್ತದೆ, ಆಮೇಲೆ ಅವಳ ತಲೆ ಹೊರಗೆ ಬರುತ್ತದೆ, ಆಮೇಲೆ ವಿಚಾರಣೆ ಶುರು.

"ಎಲ್ಲಿಂದ ಬಂದ್ರಿ?"

"ಹಾಲೆಂಡಿಂದ."

"ಅಷ್ಟು ದೂರದಿಂದ ಬಂದೋರಿಗೆ ನಾಲ್ಕು ಗಂಟೆ ತನಕ ಕಾಯಕ್ಕಾಗಲ್ವಾ? ದೇವದೂತ ಬೆಳಿಗ್ಗೆ ಕೆಲಸ ಮಾಡಲ್ಲ. ಹೋಗಿ, ಊಟ ಮುಗಿಸ್ಕೊಂಡು ಬನ್ನಿ."

ಬಂದವರು ಇದನ್ನು ಜಂಬ ಎಂದುಕೊಳ್ಳುತ್ತಿದ್ದರು. ಜಂಬವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಿಜವಾದ ಕಾರಣ ಬಿಸಿಲು. ನಮ್ಮ ಚರ್ಚಿನ ಬಾಗಿಲು ಪಶ್ಚಿಮಕ್ಕಿದೆ, ಒಳಗೆ ಹಗಲಲ್ಲೂ ಕತ್ತಲು. ಪಂಚಾಯಿತಿಯವರು ಎರಡು ಸಲ ವಿದ್ಯುತ್ ದೀಪ ಹಾಕಿಸಿದರು. ಎರಡು ಸಲವೂ ಚಿಕ್ಕಮ್ಮ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಳು. ಬಲ್ಬಿನ ಬೆಳಕಲ್ಲಿ ಚಿನ್ನ ಹಿತ್ತಾಳೆಯಾಗಿ ಕಾಣುತ್ತದೆ ಎಂಬುದು ಅವಳ ದೂರು. ಅವಳ ಪದ್ಧತಿಯೇ ಬೇರೆ. ಬಿಸ್ಕತ್ತು ಬೇಯಿಸುವ ತಗಡಿನ ತಟ್ಟೆಯೊಂದನ್ನು ಬೂದಿ, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಾಳೆ. ಸಂಜೆ ನಾಲ್ಕಕ್ಕೆ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಮೇಲೆ ನಿಂತು, ತಟ್ಟೆಗೆ ಬಿಸಿಲು ಹಿಡಿದು ಒಳಕ್ಕೆ ಎಸೆಯುತ್ತಾಳೆ. ಗೋಡೆಯ ಮೇಲೆ ಬೆಳಕಿನ ತುಂಡೊಂದು ನಡುಗುತ್ತ ಹತ್ತಿ ಹೋಗಿ ಚಿತ್ರದ ಮೇಲೆ ನಿಲ್ಲುತ್ತದೆ. ಆಗ ನೋಡಬೇಕು. ಏಳುನೂರು ವರ್ಷದ ಹಿಂದೆ ಮರದ ಹಲಗೆಯ ಮೇಲೆ ಯಾರೋ ಬರೆದ ದೇವದೂತ, ನವಿಲಿನ ಬಣ್ಣದ ರೆಕ್ಕೆ, ಮಂಡಿಯೂರಿದ ಕಾಲು, ಕೈಯಲ್ಲೊಂದು ಹಸಿರು ಕೋಲು. ಅವನ ತುಟಿಯಿಂದ ಹೊರಟು ಹಲಗೆಯ ಅಂಚಿನವರೆಗೆ ಸಾಲಾಗಿ ನಿಂತ ಆರು ಚಿನ್ನದ ಅಕ್ಷರ, A V E G R A: ಆವೆಗ್ರ.

"ಇವನ ಹೆಸರು ಆವೆಗ್ರ," ಎಂದು ಚಿಕ್ಕಮ್ಮ ತಟ್ಟೆ ಅಲುಗದ ಹಾಗೆ ಶುರುಮಾಡುತ್ತಿದ್ದಳು. "ದೇವದೂತರಲ್ಲೆಲ್ಲ ಚಿಕ್ಕೋನು. ದೇವರ ಸುದ್ದಿ ತಲುಪಿಸೋ ಗಾಬ್ರಿಯೇಲನಿಗೆ ಅವತ್ತು ನೆಗಡಿ. ಅದಕ್ಕೆ ದೇವರು ಇವನನ್ನ ಕಳಿಸಿದ. ಬಾಗಿಲು ತಟ್ಟಿ ತನ್ನ ಹೆಸರು ತಾನೇ ಹೇಳ್ಕೋತಿದಾನೆ, ಮರ್ಯಾದಸ್ಥ."

"ಯಾರಿಗೆ ಮಂಡಿಯೂರಿದಾನೆ?" ಎಂದು ಯಾರಾದರೂ ಕೇಳಿದರೆ, "ನಮ್ಮೂರಿಗೆ" ಎನ್ನುತ್ತಿದ್ದಳು.

ನಗಬೇಡಿ. ಸಸಾಲ್ತದಲ್ಲಿ ಹುಟ್ಟಿದ ನಾವೆಲ್ಲ ಇದನ್ನೇ ಕೇಳಿ ಬೆಳೆದವರು. ಚಿಕ್ಕಮ್ಮನ ಅಜ್ಜಿಯ ಹೆಸರೂ ಆವೆಗ್ರ, ಗಾಡಿ ಚಕ್ರ ರಿಪೇರಿ ಮಾಡುತ್ತಿದ್ದ ಕುಂಟನ ಹೆಸರೂ ಆವೆಗ್ರ. ಪಾದ್ರಿಗಳು ಮಾತ್ರ ದೀಕ್ಷಾಸ್ನಾನದ ಪುಸ್ತಕದಲ್ಲಿ ಮರಿಯ ಎಂದೋ ಜೊವಾನ್ನಿ ಎಂದೋ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಹಿಂದೆ ಒಬ್ಬ ಪಾದ್ರಿ ಪೀಠದ ಮೇಲೆ ನಿಂತು ಈ ಹೆಸರಿನ ವಿಚಾರ ಏನೋ ಹೇಳಹೊರಟರಂತೆ. ಮಾತು ಮುಗಿಯುವ ಮೊದಲೇ ಹೆಂಗಸರು ಎದ್ದು ಹೋದರು. ಎರಡು ತಿಂಗಳು ಪಾದ್ರಿಯ ಮನೆಗೆ ಒಂದು ಮೊಟ್ಟೆಯೂ ಹೋಗಲಿಲ್ಲ. ಆಮೇಲೆ ಬಂದವರು ಜಾಣರು.

ಇನ್ನು ನನ್ನ ವಿಷಯ. ನಾನು ಇಲ್ವೊ. ಕಣಿವೆಯ ರೈಲ್ವೆ ನಿಲ್ದಾಣದಿಂದ ಸಸಾಲ್ತಕ್ಕೆ, ಅಲ್ಲಿಂದ ಎದುರು ಬೆಟ್ಟದ ಕೊರ್ವಿಯಾನೊಗೆ ಬಸ್ಸು ಓಡಿಸುತ್ತೇನೆ, ಇಪ್ಪತ್ತಾರು ವರ್ಷದಿಂದ. ಎರಡು ಊರಿನ ನಡುವೆ ತಿರುವಿನ ರಸ್ತೆಯಲ್ಲಿ ಏಳು ಕಿಲೋಮೀಟರು, ಕಣ್ಣಿಗೆ ಎದುರುಬದುರು. ಇಲ್ಲಿ ಬಟ್ಟೆ ಒಣಹಾಕಿದರೆ ಅಲ್ಲಿಗೆ ಬಣ್ಣ ಕಾಣುತ್ತದೆ. ನಮ್ಮೂರಲ್ಲಿ ಜರ್ಮನಿಗೆ ಹೋಗಿ ಕಾರಿನ ಕಾರ್ಖಾನೆಯಲ್ಲಿ ದುಡಿದು ಬಂದವರಿದ್ದಾರೆ, ಅರ್ಜೆಂಟೀನಾ ನೋಡಿದವರಿದ್ದಾರೆ, ನನ್ನನ್ನು ಬಿಟ್ಟರೆ ಕೊರ್ವಿಯಾನೊಗೆ ಹೋದವರು ಮಾತ್ರ ಇಲ್ಲ. ಕಾರಣ ಈ ಚಿತ್ರವೇ. ಮೊದಲು ಅದು ಕಣಿವೆಯ ಮಠದಲ್ಲಿತ್ತು. ಇನ್ನೂರು ವರ್ಷದ ಹಿಂದೆ ಮಠ ಮುಚ್ಚಿದ ದಿನ ಎರಡೂ ಊರಿನ ಎತ್ತಿನ ಗಾಡಿಗಳು ಒಂದೇ ಹೊತ್ತಿಗೆ ಹೋಗಿ ನಿಂತವು. ಕೈ ಕೈ ಮಿಲಾಯಿಸಿದರು, ಇಬ್ಬರ ಹಲ್ಲು ಹೋಯಿತು, ಕೊನೆಗೆ ಗರಗಸ ತಂದು ಹಲಗೆಯನ್ನು ನಡುವೆ ಕೊಯ್ದರು. ಎಡಗಡೆಯದು ನಮಗೆ, ಬಲಗಡೆಯದು ಅವರಿಗೆ. "ಅವರಿಗೆ ಸಿಕ್ಕಿದ್ದು ಬರೀ ಒಂದು ಕುರ್ಚಿ" ಎಂದು ನಮ್ಮವರು ಹೇಳಿಕೊಂಡು ಬಂದಿದ್ದಾರೆ.

ಕುರ್ಚಿಯ ಮೇಲೆ ಯಾರು ಕೂತಿದ್ದಾರೆ, ಅವಳ ಮುಂದೆ ಏನು ಬರೆದಿದೆ ಎಂಬುದು ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಒಂದು ಮಧ್ಯಾಹ್ನ ಬಸ್ಸು ನಿಲ್ಲಿಸಿ ನೋಡಿ ಬಂದಿದ್ದೆ. ಊರಿಗೆ ಬಂದು ಬಾಯಿ ಬಿಡಲಿಲ್ಲ. ಹೇಡಿ ಎನ್ನಿ, ಒಪ್ಪುತ್ತೇನೆ.

ಚಿಕ್ಕಮ್ಮನಿಗೆ ಆ ಹೆಸರು ಬರೀ ಹೆಸರಾಗಿರಲಿಲ್ಲ. ಹದಿನಾಲ್ಕಕ್ಕೆ ಕಣಿವೆಯ ಶರ್ಟು ಕಾರ್ಖಾನೆ ಸೇರಿ ಇಪ್ಪತ್ತು ವರ್ಷ ಕಾಲರು ಹೊಲಿದವಳು ಅವಳು. ಕಾಲರು ಬಿಟ್ಟು ಬೇರೇನನ್ನೂ ಹೊಲಿಯಲಿಲ್ಲ. ಪೂರ್ತಿ ಶರ್ಟು ಒಂದನ್ನೂ ನೋಡಲಿಲ್ಲ ಎಂದು ಈಗಲೂ ನಗುತ್ತಾಳೆ. ಅಲ್ಲಿದ್ದ ನಾನೂರು ಹೆಂಗಸರಲ್ಲಿ ನೂರು ಜನ ಮರಿಯ, ಆವೆಗ್ರ ಒಬ್ಬಳೇ. ನೆಲಕ್ಕೆ ಹೆಂಚು ಹಾಸುತ್ತಿದ್ದ ಅಲ್ವಾರೊ ಅವಳನ್ನು ಮದುವೆಯಾದದ್ದೇ ಆ ಹೆಸರು ಕೇಳಿ. ಮಕ್ಕಳಾಗಲಿಲ್ಲ. ಅವನು ಸಾಯುವ ಮೊದಲು ಗೋರಿಯ ಕಲ್ಲನ್ನು ತಾನೇ ಕೆತ್ತಿಸಿಟ್ಟ. ನಮ್ಮಲ್ಲಿ ಗಂಡಹೆಂಡಿರಿಗೆ ಒಂದೇ ಕಲ್ಲು. ಅವನ ಹೆಸರು, ಅದರ ಕೆಳಗೆ ಆವೆಗ್ರ ಎಂದು ಇವಳದ್ದು, ಅದರ ಕೆಳಗೆ ಹುಟ್ಟಿದ ವರ್ಷ, ಸಾಯುವ ವರ್ಷಕ್ಕೆ ಜಾಗ. "ಹೆಸರು ಇನ್ನೂ ದೊಡ್ಡದಾಗಿ ಕೆತ್ತು, ಪ್ರಪಂಚದಲ್ಲೇ ಇನ್ನೊಬ್ಬಳಿಲ್ಲ" ಎಂದು ಕಲ್ಲುಕುಟಿಗ ಸಾಂತೆಯ ಪ್ರಾಣ ತಿಂದಿದ್ದ. ಭಾನುವಾರ ಚಿಕ್ಕಮ್ಮ ಹೋಗಿ ಆ ಅಕ್ಷರಗಳ ಧೂಳನ್ನು ಒಂದು ಹಳೆ ಕರವಸ್ತ್ರದಿಂದ ಒರೆಸಿ ಬರುತ್ತಿದ್ದಳು.

ಹೀಗಿರುವಾಗ ಒಂದು ಜೂನ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ಒಬ್ಬರು ಎಂಟು ವಿದ್ಯಾರ್ಥಿಗಳ ಜೊತೆ ನನ್ನ ಬಸ್ಸಿನಲ್ಲೇ ಬಂದಿಳಿದರು. ಒಳ್ಳೆ ಹೆಂಗಸು, ಟಿಕೆಟ್ ಕೊಡುವಾಗ ನಗುವಂಥವರು. ನಾನು ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಿದ್ದೆ. ಚಿಕ್ಕಮ್ಮ ಬಿಸಿಲು ಎಸೆದು, ಗಾಬ್ರಿಯೇಲನ ನೆಗಡಿಯವರೆಗೆ ಬಂದಿದ್ದಳು. ಪ್ರೊಫೆಸರಮ್ಮ ತಮ್ಮ ಹುಡುಗರ ಕಡೆ ತಿರುಗಿದರು.

"ಬರ್ಕೊಳ್ಳಿ, ಇದು ಹೆಸರಲ್ಲ. ಯೇಸು ಹುಟ್ಟೋ ಸುದ್ದಿ ತಂದ ದೇವದೂತ ಅವನ ತಾಯಿ ಮರಿಯಳಿಗೆ ಹೇಳಿದ ಮಾತು, ಲ್ಯಾಟಿನ್ನಿನಲ್ಲಿ. ಆವೆ, ಗ್ರತಿಯ ಪ್ಲೇನ. ವಂದನೆ, ಕೃಪೆ ತುಂಬಿದವಳೇ ಅಂತ. ಗರಗಸ ಗ್ರತಿಯ ಅನ್ನೋ ಪದದ ನಡುವೆ ಬಿದ್ದಿದೆ. ಮಿಕ್ಕಿದ್ದು ಕೊರ್ವಿಯಾನೊದಲ್ಲಿದೆ."

ಅಂದರೆ ನಮ್ಮೂರಿನ ಪಾಲಿಗೆ ಬಂದದ್ದು 'ವಂದನೆ, ಕೃ' ಅಷ್ಟೇ. ಅಲ್ಲಿಗೆ ನಿಂತಿತು. ದಿನಾ ಮೂರು ಹೊತ್ತು ಪ್ರಾರ್ಥನೆಯಲ್ಲಿ ಆ ಮಾತನ್ನೇ ಹೇಳುತ್ತಿದ್ದೆವು. ಗೋಡೆಯ ಮೇಲೆ ಅದೇ ಇದ್ದದ್ದು ಒಬ್ಬರ ತಲೆಗೂ ತಾನಾಗಿ ಹೊಳೆಯಲಿಲ್ಲ.

ಬೆಳಕಿನ ತುಂಡು ದೇವದೂತನ ಮುಖದಿಂದ ಜಾರಿ ನೆಲಕ್ಕೆ ಬಿತ್ತು. "ಹೊತ್ತಾಯ್ತು, ಮುಚ್ಚಬೇಕು," ಎಂದಳು ಚಿಕ್ಕಮ್ಮ. ಹೊತ್ತು ಆಗಿರಲಿಲ್ಲ.

ಮಾರನೆಯ ದಿನ ರಟ್ಟಿನ ಮೇಲೆ ಒಂದೇ ಪದ ಇತ್ತು: ಮುಚ್ಚಿದೆ. ಹದಿನೈದು ದಿನ ಹಾಗೇ ಹೋಯಿತು. ಪ್ರವಾಸಿಗರು ಬಂದು, ರಟ್ಟು ಓದಿ, ಐಸ್‌ಕ್ರೀಮು ತಿಂದು ಹೋದರು. ಯಾರಾದರೂ ಆವೆಗ್ರ ಎಂದು ಕರೆದರೆ ಚಿಕ್ಕಮ್ಮ ಓಗೊಡುತ್ತಿರಲಿಲ್ಲ. "ಪುಸ್ತಕದಲ್ಲಿರೋ ಹೆಸರು ಮರಿಯ. ಅದನ್ನೇ ಕರೀರಿ," ಎಂದು ಸಾರಿದಳು. ರೊಟ್ಟಿ ಅಂಗಡಿಯವಳು ಬೀದಿಯಲ್ಲಿ ನಿಂತು ಮರಿಯಾ ಎಂದು ಕೂಗಿದಳು. ನಾಲ್ಕು ಕಿಟಕಿ ತೆರೆದವು, ಚಿಕ್ಕಮ್ಮನದ್ದು ತೆರೆಯಲಿಲ್ಲ, ಅವಳಿಗೆ ಅಭ್ಯಾಸವಿರಲಿಲ್ಲ.

ನಾನೂ ನಗುತ್ತಿದ್ದೆ, ಸಾಂತೆ ಒಂದು ಗುರುವಾರ ಬಸ್ಸು ಹತ್ತುವ ತನಕ.

"ನಿಮ್ಮ ಚಿಕ್ಕಮ್ಮ ಕಲ್ಲಿನ ಮೇಲಿನ ಹೆಸರು ಅಳಿಸಿ ಮರಿಯ ಅಂತ ಕೆತ್ತು ಅಂದಿದಾರೆ. ಶನಿವಾರ ಬಾ ಅಂದ್ರು. ಏನ್ ಮಾಡ್ಲಿ? ಅಲ್ವಾರೊ ಎದ್ದು ಬಂದು ಒದೀತಾನೆ."

ಆ ಸಂಜೆಯೇ ಹೋದೆ. ಚಿಕ್ಕಮ್ಮ ಬಟಾಣಿ ಸುಲಿಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಅಲ್ವಾರೊ ಊರೆಲ್ಲ ಹೇಳ್ಕೊಂಡು ತಿರುಗಿದ," ಎಂದಳು. "ಎಲ್ಲೂ ಇಲ್ಲದ ಹೆಸರು ಅಂತ. ಎಲ್ಲೂ ಇಲ್ಲ ಯಾಕೆ ಅಂದ್ರೆ ಅದು ಹೆಸರೇ ಅಲ್ಲ. ಎಪ್ಪತ್ತೆರಡು ವರ್ಷ ಒಂದು ಮುರಿದ ತುಂಡಿಗೆ ಓಗೊಟ್ಟಿದೀನಿ ಕಣೋ. ಸತ್ತ ಮೇಲೂ ಅದನ್ನೇ ಹೊತ್ಕೊಂಡು ಮಲಗಬೇಕಾ?"

"ಅಳಿಸೋದಾದ್ರೆ ಅಳಿಸು. ಅದಕ್ಕೆ ಮುಂಚೆ ಮಿಕ್ಕ ತುಂಡು ನೋಡ್ಕೊಂಡು ಬಾ."

"ಕೊರ್ವಿಯಾನೊಗಾ? ನಮ್ಮಪ್ಪನ ಮಗಳು ನಾನು. ಆ ಊರಲ್ಲಿ ಕಾಲಿಡಲ್ಲ."

"ಕಾಲಿಡಬೇಡ. ಬಸ್ಸಲ್ಲಿ ಕೂತಿರು, ತಿರುಗಿಸ್ಕೊಂಡು ಬರ್ತೀನಿ."

ಶುಕ್ರವಾರ ಮೂರು ಗಂಟೆಯ ಬಸ್ಸಿಗೆ ಬಂದಳು. ಕಪ್ಪು ಕನ್ನಡಕ, ತಲೆಗೆ ಬಟ್ಟೆ, ಯಾರೂ ಗುರುತಿಸಬಾರದೆಂದು. ಬಸ್‌ಸ್ಟಾಪಿನಲ್ಲಿದ್ದ ಐವರೂ ನಮಸ್ಕಾರ ಹೇಳಿದರು. ಚೀಲದಿಂದ ತಗಡಿನ ತಟ್ಟೆಯ ಅಂಚು ಇಣುಕುತ್ತಿತ್ತು.

"ಇಳಿಯಲ್ಲ ಅಂದೆ, ತಟ್ಟೆ ಯಾಕೆ?"

"ನೀನು ರಸ್ತೆ ನೋಡ್ಕೊಂಡು ಓಡಿಸು."

ಕೊರ್ವಿಯಾನೊದ ಚರ್ಚಿನ ಬಾಗಿಲಲ್ಲೂ ಒಂದು ರಟ್ಟಿತ್ತು. ದುಂಡನೆಯ ಅಕ್ಷರ, ಒಂದು ಚಿತ್ತಿಲ್ಲ. "ದಯವಿಟ್ಟು ಪಕ್ಕದ ಮನೆಯ ಗಂಟೆ ಒತ್ತಿ. ಊಟದ ಹೊತ್ತಿನಲ್ಲಿ ಬೇಡ."

"ನಮ್ಮದನ್ನ ನೋಡಿ ಬರೆದಿದಾರೆ," ಎಂದು ಚಿಕ್ಕಮ್ಮ ಮೂಗು ಮುರಿದಳು. ಆಗಲೇ ಇಳಿದಾಗಿತ್ತು.

ಬಾಗಿಲು ತೆರೆದಾಕೆಯನ್ನು ನಾನು ಬಲ್ಲೆ. ಎತ್ತರದ ಒಣಕಲು ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಮೂವತ್ತೆಂಟು ವರ್ಷ ಎರಡನೇ ತರಗತಿಗೆ ಪಾಠ ಮಾಡಿದ ಟೀಚರಮ್ಮ, ಈಗ ಚರ್ಚಿನ ಬೀಗದ ಕೈ ಅವರ ಹತ್ತಿರ. ಹೆಸರು ನನಗೆ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ.

"ಎಲ್ಲಿಂದ ಬಂದ್ರಿ?" ಎಂದರು ಟೀಚರಮ್ಮ.

"ಹಾಲೆಂಡಿಂದ," ಎಂದಳು ಚಿಕ್ಕಮ್ಮ.

"ಹಾಲೆಂಡಿನೋರು ನಮ್ಮ ಭಾಷೆ ಚೆನ್ನಾಗಿ ಆಡ್ತೀರಿ."

ಒಳಗೆ ಕರೆದೊಯ್ದು ಗೋಡೆಯ ಗುಂಡಿ ಒತ್ತಿದರು. ಎರಡೇ ನಿಮಿಷ ಉರಿದು ತಾನೇ ಆರುವ ದೀಪ ಹತ್ತಿತು. ಕುರ್ಚಿಯ ಮೇಲೆ ನೀಲಿ ಬಟ್ಟೆಯ ಹುಡುಗಿ, ಮಡಿಲಲ್ಲಿ ಪುಸ್ತಕ. ಯಾರೋ ಹೇಳದೆ ಕೇಳದೆ ಒಳಗೆ ನುಗ್ಗಿದ ಹಾಗೆ ಎದೆಗೆ ಕೈ ಇಟ್ಟು ಸ್ವಲ್ಪ ಹಿಂದಕ್ಕೆ ವಾಲಿದ್ದಾಳೆ, ಕಣ್ಣು ಮಾತ್ರ ಎಡಕ್ಕೆ, ಹಲಗೆಯ ಅಂಚಿನ ಕಡೆಗೆ. ಆ ಅಂಚಿನಿಂದ ಅವಳತ್ತ ನಡೆದು ಬಂದ ಎಂಟು ಅಕ್ಷರ. ಚಿಕ್ಕಮ್ಮ ತುಟಿ ಅಲುಗಿಸಿ ಓದಿದಳು. ಎರಡನೆಯ ಸಲ ಓದುವಾಗ ದೀಪ ಆರಿತು. ಟೀಚರಮ್ಮ ಗುಂಡಿಯತ್ತ ಹೊರಟರು.

"ಅದು ಬೇಡ. ಬಾಗಿಲು ಪೂರ್ತಿ ತೆಗೀರಿ," ಎಂದಳು ಚಿಕ್ಕಮ್ಮ.

ಹೊಸ್ತಿಲಿಗೆ ಹೋಗಿ ನಿಂತು ಬಿಸಿಲು ಹಿಡಿದಳು. ಬೆಳಕು ಒಂದೆರಡು ಸಲ ದಾರಿ ತಪ್ಪಿತು. ಆಮೇಲೆ ಸರಿಯಾಗಿ ಹೋಗಿ ಕೂತಿತು. ಚಿನ್ನವೆಲ್ಲ ಒಮ್ಮೆಲೇ ಎದ್ದಿತು. ನಾನು ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಲ ನೋಡಿದ್ದ ಚಿತ್ರ. ಅದೇ ಎಂದು ನಂಬಲಾಗಲಿಲ್ಲ. ಟೀಚರಮ್ಮ ಕನ್ನಡಕ ಏರಿಸಿಕೊಂಡು ಹಲಗೆಯ ಎಡ ಅಂಚಿಗೆ ಮುಖ ಒಡ್ಡಿದರು.

"ಇಲ್ಲೊಂದು ಹೂವಿದೆ! ಬಿಳಿ ಹೂವು, ಗಾಳೀಲಿ ನಿಂತಿದೆ. ಇಷ್ಟು ವರ್ಷ ಮೇಣದ ಕಲೆ ಅಂದ್ಕೊಂಡಿದ್ದೆ. ಇದರ ಕಡ್ಡಿ ಎಲ್ಲಿ?"

"ಕಡ್ಡಿ ನಮ್ಮಲ್ಲಿದೆ," ಎಂದಳು ಚಿಕ್ಕಮ್ಮ. "ನಾವು ಕೋಲು ಅಂದ್ಕೊಂಡಿದ್ವಿ."

ಟೀಚರಮ್ಮ ನಿಧಾನವಾಗಿ ತಿರುಗಿದರು. "ನೀವು ಹಾಲೆಂಡಿನೋರಲ್ಲ. ನಿಮ್ಮ ಹೆಸರು?"

ಚಿಕ್ಕಮ್ಮ ತಟ್ಟೆ ಇಳಿಸಿದಳು. ಮರಿಯ ಎನ್ನುತ್ತಾಳೆ ಎಂದುಕೊಂಡೆ.

"ಆವೆಗ್ರ," ಎಂದಳು. "ಅರ್ಧ ಪದ. ನಗೋದಾದ್ರೆ ನಗಿ."

ಟೀಚರಮ್ಮ ನಗಲಿಲ್ಲ. ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟರು. "ನಾನು ತಿಯಪ್ಲೇನ," ಎಂದರು. "ಮನೇಲಿ ಪ್ಲೇನ ಅಂತಾರೆ. ಈ ಹೆಸರಿನೋಳು ಈ ಊರಲ್ಲಿ ನಾನೊಬ್ಬಳೇ ಉಳಿದಿರೋದು. ಹತ್ತು ವರ್ಷದವಳಿದ್ದಾಗಲೇ ಗೊತ್ತಾಯ್ತು, ನನ್ನ ಹೆಸರಿನ ಮೊದಲ ಭಾಗ ಎದುರು ಬೆಟ್ಟದಲ್ಲಿದೆ ಅಂತ. ಅವತ್ತಿಂದ ಕಾಯ್ತಿದೀನಿ."

"ಗೊತ್ತಿದ್ದ ಮೇಲೆ ನೀವೇ ಬರಬಹುದಿತ್ತಲ್ಲ?"

"ಸಸಾಲ್ತಕ್ಕಾ? ನಿಮಗೆ ತಲೆ ಸರಿಯಿದೆಯಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗು ಬಂತು ನೋಡಿ, ಚಿಕ್ಕಮ್ಮನ ಕಪ್ಪು ಕನ್ನಡಕ ನೆಲಕ್ಕೆ ಬಿತ್ತು. ನಕ್ಕು ಸುಸ್ತಾದ ಮೇಲೆ ಜಗಳ ಶುರುವಾಯಿತು. ಪ್ಲೇನಳ ಪಾಲಿಗೆ ಎಂಟು ಅಕ್ಷರ, ಚಿಕ್ಕಮ್ಮನಿಗೆ ಆರೇ. "ಆದ್ರೆ ಶುರುವಾಗೋದು ನಮ್ಮಿಂದ. ನಾವು ಬಾಯಿ ತೆರೀದಿದ್ರೆ ನಿಮ್ಮೋಳು ಪುಸ್ತಕ ಓದ್ತಾ ಕೂತಿರ್ತಿದ್ಲು," ಎಂದಳು ಚಿಕ್ಕಮ್ಮ. ನಗು ಹೋದ ಮೇಲೆ ಅವಳ ದನಿ ಇಳಿಯಿತು. "ಎಷ್ಟಾದ್ರೂ ಮುರಿದ ಪದ ಮುರಿದ ಪದವೇ ಕಣ್ರೀ."

"ಯಾರು ಹೇಳಿದ್ದು ಮುರಿದಿದೆ ಅಂತ?" ಪ್ಲೇನ ಮೂವತ್ತೆಂಟು ವರ್ಷದ ದನಿ ತೆಗೆದರು. ನಾನು ಕೂಡ ನೆಟ್ಟಗೆ ನಿಂತೆ. "ಪದ ಒಂದು ಸಾಲಲ್ಲಿ ಹಿಡಿಸದಿದ್ರೆ ಏನ್ ಮಾಡ್ತೀವಿ? ಒಂದು ಚಿಕ್ಕ ಅಡ್ಡಗೆರೆ ಎಳೆದು ಮುಂದಿನ ಸಾಲಿಗೆ ಹೋಗ್ತೀವಿ. ಗ್ರ, ಅಡ್ಡಗೆರೆ, ತಿಯ. ಎಲ್ಲಿ ಒಡೀಬೇಕೋ ಸರಿಯಾಗಿ ಅಲ್ಲೇ ಒಡೆದಿದೆ, ನನ್ನ ಎಷ್ಟೋ ಹುಡುಗರಿಗೆ ಅಷ್ಟೂ ಬರ್ತಿರಲಿಲ್ಲ. ಗರಗಸದೋನು ಮಾಡಿದ ತಪ್ಪು ಒಂದೇ. ಗೆರೆ ಹಾಕೋದು ಮರೆತ. ತಿಳೀತಾ ನಿನಗೆ?"

ನಿಮಗೆ ಎಂಬುದು ನಿನಗೆ ಆದದ್ದನ್ನು ಚಿಕ್ಕಮ್ಮ ಗಮನಿಸಿದಳು. "ತಿಳೀತು ಕಣೆ," ಎಂದಳು.

ಅವತ್ತು ನನ್ನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ನಾನು ಮೂರು ಸಲ ಹಾರ್ನ್ ಹೊಡೆದ ಮೇಲೆ ಚಿಕ್ಕಮ್ಮ ಬಂದಳು, ಚೀಲದಲ್ಲಿ ಪ್ಲೇನ ಕೊಟ್ಟ ಗಿಣ್ಣಿನ ಗಡ್ಡೆ. ತಟ್ಟೆ ಇರಲಿಲ್ಲ. "ಅವಳ ಹತ್ರ ಇರಲಿ. ನಾನು ಬೇರೆ ಉಜ್ಜಿಕೋತೀನಿ," ಎಂದಳು. ಎರಡು ತಿರುವು ದಾಟಿದ ಮೇಲೆ ಎದ್ದು ನನ್ನ ಹಿಂದಿನ ಸೀಟಿಗೆ ಬಂದು ಕೂತಳು.

"ಇಲ್ವೊ. ನಿನಗೆ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಕೆಲಸಕ್ಕೆ ಸೇರಿದಾಗಿಂದ."

"ಯಾಕೆ ಹೇಳಲಿಲ್ಲ?"

"ನೀನು ಬಿಸ್ಕತ್ತು ಕೊಡೋದು ನಿಲ್ಲಿಸ್ತಿದ್ದೆ." ಆಮೇಲೆ ನಿಜವನ್ನೂ ಹೇಳಿದೆ. "ನಿನ್ನ ಮುಖ ನೋಡಕ್ಕೆ ಧೈರ್ಯ ಇರಲಿಲ್ಲ, ಚಿಕ್ಕಮ್ಮ."

"ಬಿಸ್ಕತ್ತು ಒಂದು ತಿಂಗಳು ಇಲ್ಲ," ಎಂದಳು. ಒಂದು ತಿಂಗಳು ಕೊಡಲೂ ಇಲ್ಲ.

ಶನಿವಾರ ಬೆಳಿಗ್ಗೆ ಸಾಂತೆಯನ್ನು ಕರೆದುಕೊಂಡು ನಾನೂ ಸ್ಮಶಾನಕ್ಕೆ ಹೋದೆ. ನಮ್ಮ ಸ್ಮಶಾನ ಬೆಟ್ಟದ ಪೂರ್ವದ ಇಳಿಜಾರಿನಲ್ಲಿದೆ. ಅಲ್ವಾರೊನ ಕಲ್ಲಿನ ಮುಂದೆ ನಿಂತರೆ ಬಲಗಡೆಗೆ ಕಣಿವೆ, ಕಣಿವೆಯಾಚೆ ಕೊರ್ವಿಯಾನೊದ ಗಂಟೆ ಗೋಪುರ. ಚಿಕ್ಕಮ್ಮ ನಮಗಿಂತ ಮೊದಲೇ ಬಂದು ಅಕ್ಷರಗಳ ಧೂಳು ಒರೆಸುತ್ತಿದ್ದಳು. ಸಾಂತೆ ಒಲ್ಲದ ಮನಸ್ಸಿನಿಂದ ಉಳಿ ತೆಗೆದ.

"ಪೂರ್ತಿ ಅಳಿಸಲಾ?"

"ಒಂದಕ್ಷರ ಮುಟ್ಟಿದ್ರೆ ಕೈ ಮುರೀತೀನಿ. ಕೊನೇ ಅಕ್ಷರ ಆದ್ಮೇಲೆ ಒಂದು ಚಿಕ್ಕ ಅಡ್ಡಗೆರೆ ಹಾಕು. ಇಷ್ಟು."

ಬೆರಳಿನಿಂದ ಅಳತೆ ತೋರಿಸಿದಳು. ಸಾಂತೆ ನನ್ನ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ.

"ಅಡ್ಡಗೆರೆ ಹಾಕಿದ್ರೆ ಪದ ಮುಂದುವರೀತದೆ ಅಂತ ಅರ್ಥ ಆಗಲ್ವಾ, ಆವೆಗ್ರಮ್ಮ? ಆಮೇಲೆ ಏನೂ ಇಲ್ವಲ್ಲ, ಕಲ್ಲು ಮುಗೀತು."

ಚಿಕ್ಕಮ್ಮ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡಳು. ಆ ಹೆಸರಿಗೆ ಅವಳು ಓಗೊಟ್ಟದ್ದು ಹದಿನೇಳು ದಿನದ ಮೇಲೆ.

"ಇದೆ ಕಣಯ್ಯ," ಎಂದು ಕಣಿವೆಯ ಆಚೆಗೆ ಕೈ ತೋರಿಸಿದಳು. "ಅಲ್ಲಿದೆ. ಬೇಗ ಕೆತ್ತು, ನಾಲ್ಕು ಗಂಟೆಗೆ ಚರ್ಚು ತೆಗೀಬೇಕು. ಇವತ್ತು ಬರೋರನ್ನೆಲ್ಲ ಆ ಊರಿಗೆ ಬೇರೆ ಕಳಿಸಬೇಕು."